ಕುಣಿಮಗ್ಗದ ಎಂಟು ಹಾಡುಗಳು

ಬೆಟಗೇರಿ
೧೯-೧-೨೦೨೫, ರವಿವಾರ

ಮುದ್ದಿನ ಮಗಳು ಅಂಕಿತಾಗೆ ನಿನ್ನ ಅವ್ವನ ಆಶೀರ್ವಾದ.

ನಾವಿಬ್ಬರೂ ಇಲ್ಲಿ ಆರಾಮ ಇದ್ದೇವೆ. ಮುಂಡರಗಿಯ ನೀರು, ನಿನ್ನ ಸೊಸೈಟಿಯ ಕೆಲಸ ಎರಡೂ ನಿನಗೆ ಒಗ್ಗಿವೆ ಎಂದು ತಿಳಿದುಕೊಂಡಿದ್ದೇನೆ. ಫೋನಿನಲ್ಲಿ ನಿನ್ನ ಹಾಡಿನ ಮಾತು ತೆಗೆದರೆ ಸಾಕು, ‘ಅವ್ವಾ, ಆಮ್ಯಾಲೆ ಮಾತಾಡ್ತೀನಿ’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಸಿಟ್ಟು ಬಂದರೂ ಪೂರ್ತಿ ಓದು.

ನೀನು ಮತ್ತು ವೀರೇಶ ಸೇರಿ ಬ್ಯಾಂಡು ಕಟ್ಟಿ ‘ಕುಣಿಮಗ್ಗ’ ಎಂದು ಹೆಸರಿಟ್ಟಾಗ ನಿನ್ನ ಅಪ್ಪ ನಕ್ಕಿದ್ದರು. ‘ಕುಣ್ಯಾಗ ಕಾಲ ಇಳಿಬಿಟ್ಟು ನೇದು ನೇದು ನಮಗ ಸಾಕಾಗೇತಿ, ನೀ ಆ ಮಗ್ಗಾನ ಕುಣಿಸಾಕ ಹೊಂಟೀಯೇನವಾ?’ ಎಂದಿದ್ದರು. ವೀರೇಶನ ಮನೆಯ ಅಟ್ಟದ ಕೋಣೆಯಲ್ಲಿ ಕಿಟಕಿಗೆ ಕೌದಿ ಕಟ್ಟಿ ನೀವು ಎಂಟು ಹಾಡು ರೆಕಾರ್ಡ್ ಮಾಡಿದಿರಿ. ‘ಎರಿ ಹೊಲದ ಗಾಳಿ’ ಎಂದು ಆಲ್ಬಮ್ಮಿಗೆ ಹೆಸರಿಟ್ಟು ನೆಟ್ಟಿಗೆ ಹಾಕಿದಿರಿ. ಯಾರೂ ಕೇಳಲಿಲ್ಲ. ಭಾವಗೀತೆಯವರು ಗದ್ದಲ ಎಂದರು; ಗದ್ದಲ ಬೇಕಾದವರು ಇದರಲ್ಲಿ ಕುಣಿಯಲಿಕ್ಕೆ ಏನೂ ಇಲ್ಲ ಎಂದರು. ಗದಗಿನಲ್ಲಿ ಮಾಡಿದ ಕಾರ್ಯಕ್ರಮದಲ್ಲಿ ನೀನು ಖಾಲಿ ಕುರ್ಚಿಗಳಿಗೆ ಹಾಡಿ ಬಂದೆ. ವೀರೇಶ ಪ್ರಿಂಟಿಂಗ್ ಪ್ರೆಸ್ಸಿಗೆ ಸೇರಿದ. ‘ಯಾರಿಗೂ ಬ್ಯಾಡಾದ ಹಾಡು ಅವ್ವಾ’ ಎಂದು ಹೇಳಿ ನೀನು ಗಿಟಾರು ಇಲ್ಲೇ ಬಿಟ್ಟು ಮುಂಡರಗಿಯ ಬಸ್ಸು ಹತ್ತಿದೆ.

ಯಾರಿಗೂ ಬೇಡವಾಗಿರಲಿಲ್ಲ. ನನಗೆ ಬೇಕಾಗಿತ್ತು.

ನೀನು ಹೋದ ಮೇಲೆ ನಿನ್ನ ದನಿ ಕೇಳಬೇಕೆನಿಸಿ, ಮಗ್ಗದ ಪಕ್ಕದಲ್ಲಿ ಫೋನು ಇಟ್ಟುಕೊಂಡು ಹಾಡು ಹಚ್ಚಿದೆ. ಖರೆ ಹೇಳಲೇ? ಮೊದಲ ಸಲ ಗಾಳಿಗೆ ಛಾವಣಿಯ ಪತ್ರಾಸು ತಗಡು ಬಡಿದುಕೊಂಡಂತೆ ಕೇಳಿಸಿತು. ಮರುದಿನ ಮತ್ತೆ ಹಚ್ಚಿದೆ. ವಾರ ಕಳೆಯುವಷ್ಟರಲ್ಲಿ ಆ ಬಡಿತದ ಒಳಗೆ ನಿನ್ನ ದನಿ ಎಲ್ಲಿ ಅಡಗುತ್ತದೆ, ಎಲ್ಲಿ ಎದ್ದು ಬರುತ್ತದೆ ಎಂಬುದು ನನಗೆ ಬಾಯಿಪಾಠವಾಯಿತು. ಮೂರನೆಯ ಹಾಡಿನಲ್ಲಿ ಡ್ರಮ್ಮು ಒಮ್ಮೆಲೇ ನಿಂತು ನೀನು ಉಸಿರು ಎಳೆದುಕೊಳ್ಳುತ್ತೀಯಲ್ಲ, ಅಲ್ಲಿ ನನ್ನ ಕೈಯ ಲಾಳಿಯೂ ನಿಲ್ಲುತ್ತಿತ್ತು.

ಆದರೆ ನನ್ನ ಜೀವ ಇರುವುದು ನಾಲ್ಕನೆಯದರಲ್ಲಿ. ‘ಬಿರಿದ ಎರಿಯೊಳಗ ಬೆರಳ ಇಟ್ಟು ನೋಡ, ತಣ್ಣಗ ಐತಿ ತಳದಾಗ.’ ಕುರ್ತಕೋಟಿಯ ನನ್ನ ತವರಿನಲ್ಲಿ ಬೇಸಿಗೆಗೆ ಕಪ್ಪು ಮಣ್ಣಿನ ಎರಿ ಹೊಲ ಬಿರಿದಾಗ ನಾನು ಖರೇನೇ ಹಾಗೆ ಬೆರಳು ಇಳಿಸಿ ಕೂರುತ್ತಿದ್ದೆ. ನಿನಗೆ ಅದನ್ನು ಎಂದೂ ಹೇಳಿದವಳಲ್ಲ. ನಿನಗೆ ಹೇಗೆ ಗೊತ್ತಾಯಿತು? ಪಕ್ಕದ ಮಗ್ಗದ ಬೀಬಿಜಾನಳಿಗೂ ಅದೇ ಹುಚ್ಚು ಹತ್ತಿತು. ಬೆಳಿಗ್ಗೆ ಬಂದವಳೇ ‘ಅಮೃತಕ್ಕಾ, ಆ ತಣ್ಣಗಿನ ಹಾಡು ಹಚ್ರಿ’ ಎನ್ನುವಳು.

ಈಗ ಮುಖ್ಯ ಸುದ್ದಿಗೆ ಬರುತ್ತೇನೆ. ನಮ್ಮ ನೇಕಾರ ಮಹಿಳಾ ಸಂಘದ ವಾರ್ಷಿಕೋತ್ಸವದಲ್ಲಿ ಪ್ರತಿವರ್ಷ ಸಿನಿಮಾ ಹಾಡಿಗೆ ಡ್ಯಾನ್ಸು ಇರುತ್ತದೆ. ಈ ಸಲ ನಿನ್ನ ಹಾಡು ಇರಲಿ ಎಂದು ನಾನು ಪಟ್ಟು ಹಿಡಿದೆ. ಅಧ್ಯಕ್ಷೆ ಚೌಡವ್ವ ಫೋನಿನಲ್ಲಿ ಅರ್ಧ ಕೇಳಿ ಮುಖ ಕಿವುಚಿದಳು.

‘ಇದೇನು ಹಾಡೋ ಜಗಳೋ, ಅಮೃತವ್ವಾ?’

ನಾನು ಬಾಯಿ ತೆಗೆಯುವ ಮೊದಲೇ ಬೀಬಿಜಾನ, ‘ಜಗಳಾನ ಅನ್ರಿ. ಆದರ ನಮ್ಮ ಕಡಿಂದ ಮಾಡಾಕತ್ತೈತಿ’ ಎಂದಳು. ಚೌಡವ್ವ ನಕ್ಕುಬಿಟ್ಟಳು. ಒಂದೇ ಹಾಡಿಗೆ ಒಪ್ಪಿದಳು.

ನಾನು ಪ್ರೆಸ್ಸಿಗೆ ಹೋಗಿ ವೀರೇಶನನ್ನು ಕರೆದೆ. ‘ರೆಕಾರ್ಡು ಹಚ್ಚಿ ಚಪ್ಪಾಳೆ ಹೊಡ್ಯೋದಾದರ ನಾ ಬರಂಗಿಲ್ಲರಿ ಕಾಕು. ಎದುರಿಗೆ ಹಾಡಾವ್ರು ಬೇಕು’ ಎಂದ. ಯಾರನ್ನು ತರುವುದೆಂದು ಮನೆಗೆ ಬಂದು ಬೀಬಿಜಾನಳನ್ನು ಕೇಳಿದರೆ ಅವಳು ಕಣ್ಣು ಅಗಲಿಸಿದಳು. ‘ಯಾಕ್ರಿ, ನೀವ ದಿನಾ ಹಾಡ್ತೀರಲ್ಲ!’ ನೇಯುತ್ತಾ ನಾನು ಹಾಡುತ್ತಿದ್ದೆನೆಂಬುದು ನನಗೇ ಗೊತ್ತಿರಲಿಲ್ಲ.

ಮೊನ್ನೆ ಶುಕ್ರವಾರ ಸಂಜೆ ವೇದಿಕೆಯ ಮೇಲೆ ವೀರೇಶನ ಡ್ರಮ್ಮು ಮತ್ತು ನನ್ನ ಗಂಟಲು, ಇಷ್ಟೇ ಇದ್ದದ್ದು. ಮೈಕು ಹಿಡಿದು ಹಾಡು ಎತ್ತಿದೆ. ಮೊದಲ ಸಾಲಿಗೆ ಹಿಂದಿನಿಂದ ಯಾರೋ ನಕ್ಕರು. ನಾನು ಕಣ್ಣು ಮುಚ್ಚಿ ಮುಂದುವರಿದೆ. ಪಲ್ಲವಿ ಮತ್ತೆ ಬಂದಾಗ ಕೆಳಗಿನಿಂದ ಬೀಬಿಜಾನ ದನಿಗೂಡಿಸಿದಳು. ಆಮೇಲೆ ಮತ್ತೊಂದು ದನಿ, ಮತ್ತೊಂದು. ಕಣ್ಣು ತೆರೆದರೆ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಹಾಡುತ್ತಿದ್ದಾರೆ! ಇಷ್ಟು ದಿನ ನನ್ನ ಫೋನಿನ ಹಾಡು ಗೋಡೆ ದಾಟಿ ಅವರವರ ಮಗ್ಗಕ್ಕೂ ಹೋಗಿತ್ತು. ಯಾರೂ ನನಗೆ ಹೇಳಿರಲಿಲ್ಲ, ನೋಡು. ‘ತಣ್ಣಗ ಐತಿ ತಳದಾಗ’ ಎಂದು ಇಡೀ ಸಭಾಭವನ ಎದ್ದು ನಿಂತು ಕೂಗಿತು. ವೀರೇಶ ಅಳುತ್ತಾ ನಗುತ್ತಾ ಡ್ರಮ್ಮು ಬಡಿದ. ನಿನ್ನ ಅಪ್ಪ ಕುರ್ಚಿಯ ಮೇಲೆ ಹತ್ತಿ, ಬಾಯಿಗೆ ಬೆರಳಿಟ್ಟು ಸೀಟಿ ಹೊಡೆದು, ‘ನಮ್ಮ ಮಗಳ ಹಾಡ್ರಿ ಅದು! ನಮ್ಮ ಅಂಕಿತಾಂದು!’ ಎಂದು ಕೂಗಿದರು. ಮದುವೆಯಾದ ಮೇಲೆ ಆ ಮನುಷ್ಯ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಚೌಡವ್ವ ಮೈಕು ಕಸಿದುಕೊಂಡು, ‘ಇನ್ನೊಂದು ಆಗಲಿ! ಡ್ಯಾನ್ಸು ಮುಂದಿನ ವರ್ಷ ನೋಡಿದರಾತು’ ಎಂದಳು. ನಾವು ಎಂಟೂ ಹಾಡಿದೆವು, ಮಗಳೇ. ಮಾತು ಮರೆತಲ್ಲೆಲ್ಲ ಜನ ಹೇಳಿಕೊಟ್ಟರು.

ನಿನ್ನ ಹಾಡು ಸೋತಿಲ್ಲ. ನಿನ್ನೆ ಕಿರಾಣಿ ಅಂಗಡಿಯಲ್ಲೂ ಅದೇ ಹಾಡು, ನಲ್ಲಿಯ ಹತ್ತಿರವೂ ಅದೇ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಅಮೃತವ್ವ

ತಾ.ಕ.: ಈ ಕಾಗದವನ್ನು ಅಂಚೆಗೆ ಹಾಕಿಲ್ಲ. ತಂದುಕೊಟ್ಟವರು ನಿನ್ನ ಎದುರಿಗೇ ನಿಂತಿದ್ದಾರೆ. ನೂಲಿನ ಕೆಲಸಕ್ಕೆ ಬಂದಿದ್ದೆ ಎನ್ನುತ್ತಾರೆ, ನಂಬಬೇಡ. ಅವರ ಬೆನ್ನಿಗಿರುವುದು ನೀನು ಬಿಟ್ಟುಹೋದ ಗಿಟಾರು. ಗದಗಿಗೆ ಹೋಗಿ ಹೊಸ ತಂತಿ ಹಾಕಿಸಿದವರೂ ಅವರೇ. ಲಕ್ಷ್ಮೇಶ್ವರದ ಕಾಲೇಜಿನ ಅಲ್ಫಿಯಾ ಮೇಡಂ ಶುಕ್ರವಾರ ಸಭೆಯಲ್ಲಿದ್ದರಂತೆ. ಮುಂದಿನ ತಿಂಗಳು ತಮ್ಮ ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ‘ಕುಣಿಮಗ್ಗ’ ಬರಲೇಬೇಕು ಎಂದರು. ನಿನ್ನನ್ನು ಕೇಳದೆ ನಾನು ಹೂಂ ಅಂದಿದ್ದೇನೆ. ಅಪ್ಪನಿಗೆ ಮೊದಲು ನೀರು ಕೊಡು, ಜಗಳ ಆಮೇಲೆ ಮಾಡುವೆಯಂತೆ. ನೀನು ಒಂದು ಹಾಡು ಬಾರಿಸುವವರೆಗೂ ಅವರು ವಾಪಸು ಬಸ್ಸು ಹತ್ತುವುದಿಲ್ಲ.