ಪೆಡಲ್ ಮೇಲಿನ ಕಾಲು

ದುಡಿವಾರ, ಫೆಬ್ರವರಿ ಮೂವತ್ತೊಂದು, 2189
ಹೊಲಿಗೆ ಶೆಡ್ಡು, ಮದ್ದೂರು

ಚಿಕ್ಕತಾಯಜ್ಜಿಗೆ, ನಿನ್ನ ಮರಿಮಗಳ ಮರಿಮಗಳು ದೇವೀರಮ್ಮನ ನಮಸ್ಕಾರ.

ಇಂಥ ತಾರೀಕು ಎಲ್ಲಿದೆ ಎಂದು ಹುಬ್ಬೇರಿಸಬೇಡ. ಶನಿವಾರಕ್ಕೂ ಭಾನುವಾರಕ್ಕೂ ನಡುವೆ ಕಂಪನಿ ಒಂದು ದಿನ ತುರುಕಿದೆ, ಅದೇ ದುಡಿವಾರ. ತಿಂಗಳುಗಳನ್ನೂ ತನಗೆ ಬೇಕಾದಷ್ಟು ಹಿಗ್ಗಿಸಿಕೊಂಡಿದೆ. ನನ್ನ ಕೆಲವು ಮಾತು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ಮಿಕ್ಕಿದ್ದಕ್ಕೆ ನಾನು ಕ್ಷಮೆ ಕೇಳುವವಳಲ್ಲ.

ನನಗಿಂತ ನೂರೈವತ್ತು ವರ್ಷ ಹಿಂದೆ ನೀನು ಇದೇ ಜಾಗದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕುಡಿಯಲು ನೀರಿಲ್ಲವೆಂದು ಯೂನಿಯನ್ ಸೇರಿದೆ, ಗೇಟಿನ ಮುಂದೆ ಬಿಸಿಲಲ್ಲಿ ಕೂತೆ, ನಲ್ಲಿ ಬಂತು. ಈ ಕಾಗದ ನಿನ್ನ ಕೈ ಸೇರಿದ ಮರುದಿನ ಸಂಜೆ, ಮೀಟಿಂಗಿಗೆ ಕರೆಯಲು ಬರುವವಳಿಗೆ ನೀನು ಹೇಳಲಿರುವ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದಿದೆ: “ನೀರು ಬಂತಲ್ಲ ಕಣಕ್ಕ, ಇನ್ಯಾಕೆ ಮೀಟಿಂಗು? ಮನೇಲಿ ಮುದ್ದೆ ತಿರುವೋರ್ಯಾರು?” ನಿನ್ನ ಜೊತೆಯವರೂ ಅದನ್ನೇ ಹೇಳಿದರು. ಯೂನಿಯನ್ ಖಾಲಿಯಾಯಿತು, ಕಂಪನಿ ನಿಧಾನವಾಗಿ ನಲ್ಲಿಯನ್ನೂ ಕಿತ್ತಿತು. ನಮ್ಮ ಶೆಡ್ಡಿನಲ್ಲಿ ಈಗ ‘ಬಂತಲ್ಲ’ ಎನ್ನುವುದೊಂದು ಬೈಗುಳ. ಹಾಗೆ ಬೈಸಿಕೊಂಡವಳ ಪಕ್ಕ ಯಾರೂ ಊಟಕ್ಕೆ ಕೂರುವುದಿಲ್ಲ.

ನಮ್ಮೆಲ್ಲರ ಪಾದಕ್ಕೂ ಕಾಲ್ಗಾವಲು ಇದೆ. ಪೆಡಲ್ ಬಿಟ್ಟು ಕಾಲೆತ್ತಿದರೆ ಸುಡುವ ಕಡಗ ಅದು. ಶೆಡ್ಡಿನ ಕಾವಿಗೆ ಒಬ್ಬಳು ಬಿದ್ದರೆ ಮಿಷನ್ ನಿಲ್ಲುವುದಿಲ್ಲ. ಇಡೀ ಲೈನು ಒಟ್ಟಿಗೆ ಕಾಲೆತ್ತಿದರೆ ಮಾತ್ರ ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ನೀರು ಬರುತ್ತದೆ. ಅಲ್ಲಿಯವರೆಗೆ ಎಲ್ಲರ ಚರ್ಮವೂ ಬೇಯುತ್ತದೆ. ಇದೇ ನಮ್ಮ ಯೂನಿಯನ್. ಭಾಷಣ ಕೇಳಿ ಇದಕ್ಕೆ ಯಾರೂ ಸೇರಿಲ್ಲ. ತಾನೇ ಬಿದ್ದು, ಕಣ್ಣು ಬಿಟ್ಟಾಗ ಪಕ್ಕದವಳ ಬೆಂದ ಕಾಲು ಕಂಡು ಸೇರಿದವರೇ ಎಲ್ಲ. ಇತರರಿಗಾಗಿ ಸುಡಿಸಿಕೊಳ್ಳದವಳಿಗಾಗಿ ಇತರರೂ ಸುಡಿಸಿಕೊಳ್ಳುವುದಿಲ್ಲ.

ನನ್ನ ತಂಗಿ ತೊಳಸಮ್ಮನಿಗೆ ಸೂಪರ್‌ವೈಸರ್ ಕಿಟಕಿ ಪಕ್ಕದ ಸೀಟು ಕೊಟ್ಟ. ಗಾಳಿ ಬಂತಲ್ಲ, ಅವಳು ಕಾಲೆತ್ತುವುದನ್ನು ಬಿಟ್ಟಳು. ಹೋದ ಬೇಸಗೆಯಲ್ಲಿ ಕಿಟಕಿ ಮುಚ್ಚಿಸಿದರು, ಅವಳು ಬಿದ್ದಳು. “ಅಕ್ಕಾ, ವಸಿ ನೀರು ಕೊಡಕ್ಕಾ” ಎಂದಳು. ಲೈನೆಲ್ಲ ನನ್ನ ಮುಖ ನೋಡಿತು. ನಾನು ಪೆಡಲ್ ತುಳಿಯುತ್ತಲೇ ಇದ್ದೆ. ಆ ದಿನದ ಕಾಲರ್ ಹೊಲಿಗೆ ಎಲ್ಲೂ ಸೊಟ್ಟಗಾಗಲಿಲ್ಲ. ಸಂಜೆ ಬಾಗಿಲು ತೆರೆದಾಗ ಅವಳ ಹೆಣ ಹೊತ್ತವಳೂ ನಾನೇ. ಆದರೂ ನಾನು ಯೂನಿಯನ್ ಬಿಟ್ಟಿಲ್ಲ. ಬಿಟ್ಟರೆ ಅವಳನ್ನು ಸುಮ್ಮನೆ ಸಾಯಿಸಿದೆ ಎಂದಾಗುತ್ತದೆ.

ನಾಳೆ ನನ್ನ ಮಗಳು ಮುತ್ತಿಯ ಪಾದಕ್ಕೆ ಕಾಲ್ಗಾವಲು ಹಾಕಿ ಬೀಗ ಜಡಿಯುತ್ತಾರೆ. ಚಿಕ್ಕಮ್ಮನನ್ನು ಕೊಂದ ಯೂನಿಯನ್ನಿಗೆ ತಾನು ಸೇರುವುದಿಲ್ಲ ಎಂದು ಅವಳು ಮುಖಕ್ಕೆ ಹೊಡೆದಂತೆ ಹೇಳಿದ್ದಾಳೆ. ಅವಳಿಗೆ ಸಿಕ್ಕಿರುವುದು ಕಿಟಕಿ ಪಕ್ಕದ ಅದೇ ಸೀಟು.

ಅಜ್ಜೀ, ನಿನ್ನ ಮನೆಯಲ್ಲಿ ನಾಳೆ ಮುದ್ದೆ ಸ್ವಲ್ಪ ತಡವಾಗಲಿ. ಮೀಟಿಂಗಿಗೆ ಹೋಗು. ಬಾಯಿ ಬಿಡದಿದ್ದರೂ ಸರಿ, ಬಾಗಿಲ ಬಳಿಯಾದರೂ ಕೂತು ಬಾ. ನೀನು ಹೋದರೆ ಯೂನಿಯನ್ ಉಳಿದೀತು, ಈ ಕಾಲ್ಗಾವಲೇ ಬಾರದೆ ಹೋದೀತು. ನೀನು ಹೋಗದಿದ್ದರೆ ಬೇಸಗೆಗೆ ಮುತ್ತಿ ಬೀಳುತ್ತಾಳೆ, ಲೈನು ಮತ್ತೆ ನನ್ನ ಮುಖ ನೋಡುತ್ತದೆ. ತಂಗಿಗೆ ಎತ್ತದ ಕಾಲನ್ನು ಮಗಳಿಗೆ ಎತ್ತಿದರೆ ಲೈನು ಉಳಿಯುವುದಿಲ್ಲ. ನಾನು ಎತ್ತುವುದಿಲ್ಲ.