ಗೋಲಿಗೆ ಗೊತ್ತಿರುವ ಒಂದೇ ಮಾತು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮ ಮನೆಯವರಿಗೆ,

ಸೊಂಟನೋವು ಹೇಗಿದೆ? ಸೇತುವೆ ಕೆಲಸದ ಶೆಡ್ಡಿನಲ್ಲಿ ಬರೀ ನೆಲದ ಮೇಲೆ ಮಲಗಬೇಡಿ, ಹಾಸಿಗೆ ಕೇಳಿ ಪಡೆಯಿರಿ. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ನೀವು ‘ಗೋಲಿ ಹೇಗಿದಾನೆ?’ ಎಂದು ಕೇಳುವಷ್ಟರಲ್ಲಿ ಲೈನು ಹೋಗಿರುತ್ತದೆ, ನನ್ನ ಸರದಿ ಬರುವುದೇ ಇಲ್ಲ. ಅದಕ್ಕೇ ಈ ಪತ್ರ.

ಎರಡು ವಾರದ ಹಿಂದೆ ಗೇಟು ತೆರೆದಿದ್ದಾಗ ನಿಮ್ಮ ಮುದ್ದಿನ ನಾಯಿ ಗೋಲಿ ರಸ್ತೆಗೆ ನುಗ್ಗಿದ. ‘ಬಾರೋ, ಬಾರೋ’ ಎಂದು ಗಂಟಲು ಹರಿದುಕೊಂಡರೂ ತಿರುಗಿ ನೋಡಲಿಲ್ಲ. ಹಾಲಿನ ವ್ಯಾನಿನವನು ಬ್ರೇಕು ಒತ್ತಿದ್ದರಿಂದ ಉಳಿದ. ವಿಷಯ ಕೇಳಿ ನಿಮ್ಮಕ್ಕ, ‘ನಿನ್ನ ಕೈಲಾಗದಿದ್ರೆ ನನ್ನ ಹತ್ರ ಬಿಟ್ಬಿಡಮ್ಮ, ನಾನು ಕರೆದ್ರೆ ಬರ್ತಾನೆ’ ಎಂದರು. ಆ ಮಾತು ಚುಚ್ಚಿತು. ಅವರ ಮನೆಗೆ ಕಳಿಸುವ ಬದಲು ಪಳಗಿಸುವವರನ್ನೇ ಮನೆಗೆ ಕರೆಸೋಣ ಎಂದು ಹುಡುಕಲು ಹೊರಟೆ.

ಮೊದಲು ಬಂದವನು ದೊಡ್ಡ ಕಾವಲು ನಾಯಿಗಳನ್ನು ಪಳಗಿಸುವವನು. ಬೆಕ್ಕಿನಷ್ಟಿರುವ ಗೋಲಿಯ ಕುತ್ತಿಗೆಗೆ ಕಬ್ಬಿಣದ ಸರಪಳಿ ಹಾಕಿ ಜಗ್ಗಿದ. ಗೋಲಿ ಕೆಮ್ಮತೊಡಗಿದಾಗ ಸರಪಳಿ ಬಿಚ್ಚಿ ಅವನ ಕೈಗೇ ಕೊಟ್ಟು ಬಾಗಿಲು ತೋರಿಸಿದೆ. ಎರಡನೆಯವನು, ನಾಯಿಯನ್ನು ನಮ್ಮಲ್ಲೇ ಬಿಡಿ, ಪಳಗಿದ ಮೇಲೆ ಕರೆದುಕೊಂಡು ಹೋಗಿ ಎಂದ. ನಡುವೆ ಬಂದು ನೋಡಬಹುದಾ ಎಂದು ಕೇಳಿದರೆ ಮಾತು ಹಾರಿಸಿದ. ಅವನೂ ಬೇಡವೆಂದೆ.

ಮೂರನೆಯವಳು ಒಬ್ಬ ಹುಡುಗಿ. ‘ನಾಯಿಗಿಂತ ಮನೆಯವರಿಗೇ ಪಾಠ ಜಾಸ್ತಿ ಇರುತ್ತೆ, ಬೇಜಾರಿಲ್ಲ ತಾನೆ?’ ಎನ್ನುತ್ತಲೇ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತಳು. ನಮ್ಮ ಗೋಲಿ ಅವಳ ತೊಡೆ ಹತ್ತಿ ಹೊಟ್ಟೆ ಮೇಲೆ ಮಾಡಿ ಮಲಗಿಬಿಟ್ಟ! ಊಟ ಹಾಕುವವಳು ನಾನು, ಉಚ್ಚೆ ಒರೆಸುವವಳು ನಾನು. ಒಂದು ದಿನವಾದರೂ ನನ್ನ ತೊಡೆಯ ಮೇಲೆ ಹಾಗೆ ಮಲಗಿದ್ದಾನೆಯೇ? ಇವಳಂತೂ ಬೇಡವೇ ಬೇಡ ಎಂದು ಆಗಲೇ ತೀರ್ಮಾನಿಸಿದ್ದೆ, ನಿಮ್ಮಾಣೆ.

ಅಷ್ಟರಲ್ಲಿ ಅವಳು, ‘ಅಕ್ಕಾ, ನೀವು ಇವನನ್ನ ಬಾ ಅಂತ ಕರೆಯೋದು ಯಾವಾಗ?’ ಎಂದಳು. ಯೋಚಿಸಿದೆ. ಸ್ನಾನಕ್ಕೆ, ಉಗುರು ಕತ್ತರಿಸುವುದಕ್ಕೆ, ಕಿವಿಗೆ ಔಷಧಿ ಹಾಕುವುದಕ್ಕೆ. ‘ಸರಿಹೋಯ್ತು! ಇವನ ಪಾಲಿಗೆ ಬಾ ಅಂದ್ರೆ ಓಡಿಹೋಗು ಅಂತ’ ಎಂದು ನಕ್ಕಳು. ಮತ್ತೆ ಯಾವ ಮಾತಿಗೆ ಓಡಿಬರುತ್ತಾನೆ ಎಂದು ಕೇಳಿದಳು. ಒಲ್ಲದ ಮನಸ್ಸಿನಿಂದಲೇ ಹೇಳಿದೆ. ಸಂಜೆ ಚಪ್ಪಲಿ ಬಿಡುತ್ತಾ ನೀವು ‘ಬಂದೆ!’ ಎನ್ನುತ್ತಿದ್ದಿರಲ್ಲ, ಅದಕ್ಕೆ. ಮಂಚದ ಕೆಳಗೆ ನಿದ್ದೆಯಲ್ಲಿದ್ದರೂ ಎದ್ದು ಬರುತ್ತಿದ್ದ.

ಅವಳು ಹೇಳಿದಳೆಂದು ನಾನೇ ‘ಬಂದೆ!’ ಎಂದೆ. ಗೋಲಿ ಅವಳ ತೊಡೆಯಿಂದ ಹಾರಿ ಓಡಿಬಂದ. ಬಂದವನು ನನ್ನ ಕಾಲಿನ ಪಕ್ಕದಲ್ಲೇ ಹಾದುಹೋಗಿ, ಮುಂಬಾಗಿಲ ಮುಂದೆ ಬಾಲ ಆಡಿಸುತ್ತಾ ಕೂತ. ಊರಲ್ಲಿಲ್ಲದ ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹುಡುಗಿ ನಗಲಿಲ್ಲ. ‘ನೀವೇ ಬಾಗಿಲಲ್ಲಿ ನಿಂತು ಹೇಳಿ ಅಕ್ಕಾ. ಬಿಸ್ಕತ್ತು ನಿಮ್ಮ ಕೈಯಿಂದ್ಲೇ ಸಿಗ್ಬೇಕು. ಇನ್ಮೇಲೆ ನಾನು ಅವನನ್ನ ಮುಟ್ಟೋದೂ ಇಲ್ಲ’ ಎಂದಳು. ಆ ಕೊನೆಯ ಮಾತಿಗೇ ಅವಳನ್ನು ಗೊತ್ತು ಮಾಡಿದೆ.

ಒಂದು ವಾರ ದಿನವೂ ಹಾಗೇ ಅಭ್ಯಾಸ ಮಾಡಿಸಿ, ಇವತ್ತು ಬೆಳಿಗ್ಗೆ ಉದ್ದನೆಯ ಹಗ್ಗ ಕಟ್ಟಿ, ಗೇಟು ತೆರೆದಿಟ್ಟು ನೋಡಿದೆವು. ಗೋಲಿ ರಸ್ತೆಯತ್ತ ಓಡಿದ. ‘ಬಂದೆ!’ ಎಂದೆ. ಗೇಟಿನ ಹತ್ತಿರದಿಂದ ತಿರುಗಿದವನು ನೇರ ನನ್ನ ಹತ್ತಿರ ಬಂದ. ನನ್ನ ಹತ್ತಿರವೇ! ನಿಮ್ಮಕ್ಕನಿಗೆ ಈ ಸುದ್ದಿ ನೀವೇ ಮುಟ್ಟಿಸಿ; ನಾನು ಹೇಳಿದರೆ ಜಂಬ ಎಂದುಕೊಳ್ಳುತ್ತಾರೆ.

ಹೊತ್ತುಹೊತ್ತಿಗೆ ಉಣ್ಣಿ, ಎತ್ತರ ಹತ್ತುವಾಗ ಜೋಪಾನ.

ನಿಮ್ಮ,
ಗೋಲಿಯ ಯಜಮಾನಿ

ತಾ.ಕ.: ಮುಂದಿನ ತಿಂಗಳು ಬಂದಾಗ ಬಾಗಿಲಲ್ಲಿ ‘ಬಂದೆ’ ಎನ್ನಬೇಡಿ. ಕಲಿತದ್ದೆಲ್ಲ ಕೆಡುತ್ತದೆ ಎಂದು ಆ ಹುಡುಗಿ ಹೇಳಿದ್ದಾಳೆ. ಇಲ್ಲ, ಅವಳೇನೂ ಹೇಳಿಲ್ಲ, ನಾನೇ ಹೇಳುತ್ತಿದ್ದೇನೆ. ನನ್ನ ಹೆಸರು ಹಿಡಿದು ಕರೆಯಿರಿ. ಈ ಸಲ ಬಾಗಿಲಿಗೆ ಅವನಿಗಿಂತ ಮೊದಲು ನಾನು ಬರಬೇಕು.