ಏಳನೇ ಹಾಸಿಗೆಗೆ ಪ್ರಫುಲ್ಲಾ ದನಿ

ಫೆಬ್ರುವರಿ ೩, ಬೆಳಿಗ್ಗೆ
ಮುಲುಂಡ್‌ನಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದೆ. ಐಸಿಯು ರೌಂಡ್ಸ್ ಆಯಿತು. ಏಳನೇ ಹಾಸಿಗೆಯವರು ನಮ್ಮ ಅಧ್ಯಯನಕ್ಕೆ ಸೇರಿದರು. ಸೀನ ಶೆಟ್ಟರು, ಸಾಂತಾಕ್ರೂಜ್‌ನಲ್ಲಿ ಹೋಟೆಲು. ನ್ಯುಮೋನಿಯಾ, ವೆಂಟಿಲೇಟರ್. ಅರೆಎಚ್ಚರದಲ್ಲಿ ಗಾಬರಿಬಿದ್ದು ಗಂಟಲ ಟ್ಯೂಬ್ ಕೀಳಲು ನೋಡುತ್ತಾರೆ, ಕೈ ಕಟ್ಟಿದ್ದೇವೆ. ನನ್ನ ಸಂಶೋಧನೆ ಇಷ್ಟೇ — ಮನೆಯವರ ದನಿ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಆಗಾಗ ಕೇಳಿಸಿದರೆ ಈ ಗಾಬರಿ ಇಳಿಯುತ್ತದೆಯೇ? ಔಷಧಿ ಕಂಪನಿಗಳಿಗೆ ಇದರಲ್ಲಿ ಲಾಭವಿಲ್ಲ. ಗ್ರಾಂಟ್ ಗಿಟ್ಟಿಸುವಷ್ಟರಲ್ಲಿ ನಾಲಿಗೆ ಸವೆದಿದೆ.

ಹೆಂಡತಿ ಪ್ರಫುಲ್ಲಾ. ನಾನು ಬರೆದುಕೊಟ್ಟದ್ದನ್ನು ಓದಿ ನಕ್ಕರು. "ಎಂತ ಡಾಕ್ಟ್ರೇ, ಹೀಗೆ ಮಾತಾಡಿದ್ರೆ ಬೇರೆ ಯಾರೋ ಹೆಂಗಸು ಅಂತ ಇವರು ಹೆದರಿಯಾರು!"

"ಹಾಗಾದರೆ ಮನೆಯಲ್ಲಿ ಬೈಯುವ ಹಾಗೇ ಬೈಯಿರಿ. ಕೊನೆಯ ವಾಕ್ಯ ಮಾತ್ರ ಬಿಡಬೇಡಿ."

ಬೈದರು. "ಹೋಯ್, ಕೇಳ್ತುಂಟಾ? ಗಲ್ಲಾದಲ್ಲಿ ಯಾರು ಕೂತ್ಕೊಳ್ಳೋದು, ನಿಮ್ಮ ಅಜ್ಜನಾ? ಆ ಪೈಪು ಎಳೀಬೇಡಿ ಮಾರಾಯ್ರೇ." ಆಮೇಲೆ ನನ್ನ ವಾಕ್ಯ: "ನಾನು ಇಲ್ಲೇ ಹೊರಗೆ ಬೆಂಚಿನಲ್ಲಿ ಕೂತಿದ್ದೇನೆ."

ಫೆಬ್ರುವರಿ ೫
ಕೆಲಸ ಮಾಡುತ್ತಿದೆ! ಶೆಟ್ಟರ ಎದೆಬಡಿತ ಇಳಿದಿದೆ. ಕೈ ಬಿಚ್ಚಿದೆವು. ಲೋಕಲ್‌ನಲ್ಲಿ ಪ್ರಬಂಧಕ್ಕೆ ಶೀರ್ಷಿಕೆ ಕೂಡ ಯೋಚಿಸಿದೆ — ಇಷ್ಟು ಬೇಗ. ಛೆ.

ಫೆಬ್ರುವರಿ ೯
ಬರೆಯಲು ಕೈ ಬರಲಿಲ್ಲ. ಪ್ರಫುಲ್ಲಾ ಹೋಗಿಬಿಟ್ಟರು. ಹೋಟೆಲಿನ ಅಡುಗೆಮನೆಯಲ್ಲೇ ಕುಸಿದರಂತೆ. ಹೃದಯಾಘಾತ.

ಆಯಾ ನೀಲಾಬಾಯಿ ಹೆಡ್‌ಫೋನ್ ಮುಟ್ಟಲಿಲ್ಲ. "ಸತ್ತಾಕಿ ದನಿ ರೀ ಸಾಹೇಬ್ರ. ನಾ ಹಚ್ಚೂದಿಲ್ಲ. ನೀವ ಹಚ್ರಿ, ನಿಮ್ಮ ಬಾಯಿಗೆ ದೆವ್ವನೂ ಹೆದರ್ತಾವ."

ನಿಲ್ಲಿಸಿದೆ. ಸಂಜೆಯೊಳಗೆ ಶೆಟ್ಟರು ಮತ್ತೆ ಟ್ಯೂಬಿಗೆ ಕೈ ಹಾಕಿದರು. ಕಾಂದಿವಲಿಯಿಂದ ಮಗಳು ವಿಜೇತಾ ಬಂದಳು. "ಡಾಕ್ಟರ್, ಪ್ಲೀಸ್ ಚಾಲೂ ಇಡಿ. ಪಪ್ಪಾ ಏಳೋವರೆಗೂ ಮಮ್ಮಿ ಇರ್ಲಿ ನಾ."

ಎಥಿಕ್ಸ್ ಕಮಿಟಿಗೆ ಫೋನ್ ಮಾಡಿದೆ. ದನಿ ಕೊಟ್ಟವರೇ ಸತ್ತರೆ ಏನು ಮಾಡಬೇಕೆಂದು ಪ್ರೋಟೋಕಾಲ್‌ನಲ್ಲಿ ಇಲ್ಲವಲ್ಲ ಅಂದರು. ಅದನ್ನು ಬರೆದವನು ನಾನೇ. ಕೊನೆಗೆ ಮಗಳ ಒಪ್ಪಿಗೆ ಸಾಕೆಂದರು. ನನ್ನ ಕೈಯಾರೆ ತೊಡಿಸಿದೆ. ಬೆಂಚಿನ ಕಡೆ ನೋಡದೆ ಹೊರಬಿದ್ದೆ.

ಫೆಬ್ರುವರಿ ೧೪
ಟ್ಯೂಬ್ ತೆಗೆದೆವು. ಉಳಿದರು. ಹೆಡ್‌ಫೋನ್ ಕಳಚಿ ಜೇಬಿಗೆ ಹಾಕಿಕೊಂಡೆ. ಒಡೆದ ದನಿಯಲ್ಲಿ ಅವರ ಮೊದಲ ಮಾತು — "ಅವಳನ್ನು ಒಳಗೆ ಕರೀರಿ. ಆ ಬೆಂಚಿನಲ್ಲಿ ಸೊಂಟ ನೋಯ್ತದೆ ಅವಳಿಗೆ."

ಮಾತನ್ನೇ ಬಂಡವಾಳ ಮಾಡಿಕೊಂಡು ಮೇಲೆ ಬಂದವನು ನಾನು. ಬಾಯಿಗೆ ಬಂದದ್ದು ಇಷ್ಟು: "ವಿಸಿಟಿಂಗ್ ಟೈಮ್ ಆಗಿಲ್ಲ ಶೆಟ್ರೇ."

ಫೆಬ್ರುವರಿ ೧೫, ಮಧ್ಯಾಹ್ನ
ಇಬ್ಬರೂ ಸೇರಿ ಹೇಳುವುದೆಂದು ವಿಜೇತಾಳ ಜೊತೆ ಒಳಗೆ ಹೋದೆ. "ಶೆಟ್ರೇ, ಒಂದು ವಿಷಯ—"

ಕೈಯೆತ್ತಿ ತಡೆದರು. "ಸ್ವಲ್ಪ ಸುಮ್ಮನಿರಿ. ಅವಳು ಮಾತಾಡ್ತಿದ್ದಾಳೆ."

ಅವರ ಕಿವಿಯಲ್ಲಿ ಏನೂ ಇರಲಿಲ್ಲ. ವಿಜೇತಾ ನನ್ನ ತೋಳು ಹಿಡಿದುಕೊಂಡಳು.

"ಏನಂತಾರೆ?" ಕೇಳಿಬಿಟ್ಟೆ.

ಬಹಳ ಹೊತ್ತು ಆಲಿಸಿದರು. ಕಣ್ಣು ತುಂಬಿತು. "ಇನ್ನು ಕಾಯೋದಿಲ್ಲ ಅಂತಾಳೆ. ಬೆಂಚಿಂದ ಎದ್ದಾಯ್ತಂತೆ." ಆಮೇಲೆ ಮಗಳ ಕಡೆ ತಿರುಗಿ, ಮೆಲ್ಲಗೆ — "ಯಾವತ್ತು ಹೋದದ್ದು, ಮಗಾ?"

ನಾವಿನ್ನೂ ಹೇಳಿರಲಿಲ್ಲ.

ರೆಕಾರ್ಡಿಂಗ್‌ನಲ್ಲಿ ಆ ಮಾತಿಲ್ಲ. ನನಗೆ ಗೊತ್ತು. ಆದರೂ ಈಗ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಮೊದಲಿನಿಂದ ಕೇಳುತ್ತಿದ್ದೇನೆ. ಅಜ್ಜ. ಗಲ್ಲಾ. ಪೈಪು. ಕೊನೆಯ ವಾಕ್ಯ ಬರಬೇಕಾದಲ್ಲಿ ಆ ವಾಕ್ಯವಿಲ್ಲ, ಬೆಂಚಿನಿಂದ ಯಾರೋ ಎದ್ದ ಸದ್ದು ಮಾತ್ರ.